ಕಮಾಂಡೋ ಕೈಲಿರೋ ಗಿಡ್ಡ ಬಂದೂಕು ಚಲೋನೋ, ಉದ್ದದ್ದು ಚಲೋನೋ?

ಬಾಗಲಕೋಟೆ: ಬಾದಾಮಿ, ಹುನಗುಂದ, ಇಳಕಲ್ ಯಾವ ಕಡೆ ಹೋದರೂ ನಸುಕಿನಲ್ಲೇ ಅಗ್ನಿವೀರ್ ಭರ್ತಿಗೆಂದು ಓಡುವ ಹುಡುಗರು ಸಿಗುತ್ತಾರೆ. ಓಟ ಮುಗಿಸಿ ಚಹಾದಂಗಡಿಗೆ ಬಂದರೆ ಮೊಬೈಲ್ ನೋಡುತ್ತ ಇದೇ ವಾದ.

ಆ ಗಿಡ್ಡ ಬಂದೂಕು ಇಸ್ರೇಲಿನ ಟವೋರ್. ಈ ಬಗೆಗೆ ‘ಬುಲ್‌ಪಪ್’ ಅಂತಾರೆ. ಉದ್ದದ್ದು ನಮ್ಮ ಇನ್ಸಾಸ್. ಇನ್ಸಾಸ್ ಒಟ್ಟು ಉದ್ದ 96 ಸೆಂ.ಮೀ., ಟವೋರ್ 72. ಆದರೆ ಎರಡರ ನಳಿಕೆಯೂ ಸುಮಾರು 46 ಸೆಂ.ಮೀ.! ಗುಂಡಿಗೆ ವೇಗ ಸಿಗೋದು ನಳಿಕೆಯಲ್ಲಿ. ಹಂಗಾಗಿ ಗಿಡ್ಡದ್ದಕ್ಕೆ ಜೋರು ಕಡಿಮೆ ಅನ್ನೋದು ತಪ್ಪು.

ಹಂಗಾದ್ರ ಉಳಿದ 24 ಸೆಂ.ಮೀ. ಎಲ್ಲಿ ಹೋಯಿತು? ಇಳಕಲ್ ಗ್ರಾನೈಟ್ ಹೇರುವ ಲಾರಿಗಳನ್ನೇ ನೋಡಿ. ಹಳೇ ಮೂತಿ ಲಾರಿಯಲ್ಲಿ ಎಂಜಿನ್ ಮುಂದೆ, ಡ್ರೈವರ್ ಹಿಂದೆ. ಈಗಿನವುಗಳಲ್ಲಿ ಡ್ರೈವರ್ ಎಂಜಿನ್ ಮೇಲೇ ಕೂರುತ್ತಾನೆ. ಮಾಲು ಹೇರುವ ಜಾಗ ಅಷ್ಟೇ, ಗಾಡಿ ಮಾತ್ರ ಗಿಡ್ಡ. ಸಾದಾ ಬಂದೂಕಿನಲ್ಲಿ ಮ್ಯಾಗಜಿನ್ ಟ್ರಿಗರಿನ ಮುಂದಿದ್ದರೆ ಬುಲ್‌ಪಪ್‌ನಲ್ಲಿ ಹಿಂದೆ. ಭುಜಕ್ಕೆ ಒತ್ತುವ ಬಟ್‌ನೊಳಗೇ ಯಂತ್ರ ಕೂತಿರುತ್ತದೆ. ಜೀಪಿನಿಂದ ಜಿಗಿಯಲು, ಇಕ್ಕಟ್ಟಿನ ಕೋಣೆಯಲ್ಲಿ ತಿರುಗಲು ಇದು ಅನುಕೂಲ.

ಎಂಜಿನ್ ಮೇಲೆ ಕೂತವನಿಗೆ ಕಾವು ತಟ್ಟೋದು ತಪ್ಪುತ್ತದೆಯೇ? ಬುಲ್‌ಪಪ್‌ನಲ್ಲಿ ಗುಂಡು ಸಿಡಿಯೋದು ಕೆನ್ನೆ ಪಕ್ಕದಲ್ಲೇ. ಸದ್ದು, ಹೊಗೆ ಎರಡೂ ಹತ್ತಿರ. ಮ್ಯಾಗಜಿನ್ ಬದಲಿಸಲು ಕೈ ಕಂಕುಳ ಕಡೆ ಹೋಗಬೇಕು. ಟ್ರಿಗರಿಗೂ ಯಂತ್ರಕ್ಕೂ ನಡುವೆ ಉದ್ದನೆಯ ಸರಳು ಇರೋದರಿಂದ ಒತ್ತಿದ್ದು ಬೆರಳಿಗೆ ಸರಿಯಾಗಿ ತಿಳಿಯಲ್ಲ. ಎಡಚರ ಪಾಡು ಇನ್ನೂ ಕಷ್ಟ: ಬಲಗೈಯವರಿಗೆ ಜೋಡಿಸಿದ ಬಂದೂಕನ್ನು ಎಡ ಭುಜಕ್ಕಿಟ್ಟರೆ ಬಿಸಿ ಖಾಲಿ ತೋಟಾ ಮುಖದತ್ತಲೇ ಹಾರುತ್ತದೆ. ಟವೋರ್‌ನ ಬಿಡಿಭಾಗ ಬದಲಿಸಿ ಎಡಗೈಗೆ ಹೊಂದಿಸಬಹುದು ನಿಜ, ಆದರೆ ಕಾಳಗದ ನಡುವೆ ಅದು ಆಗೋ ಕೆಲಸವಲ್ಲ.

ಫ್ರಾನ್ಸ್ 2017ರಿಂದ ತನ್ನ ಬುಲ್‌ಪಪ್ ಫಮಾಸ್ ಬಿಟ್ಟು ಸಾದಾ ಬಗೆಗೆ ಮರಳಿತು. ಚೀನಾ ಕೂಡ 2019ರ ಪಥಸಂಚಲನದಲ್ಲಿ ಸಾದಾ ಬಗೆಯ ಹೊಸ ಬಂದೂಕು ತೋರಿಸಿತು. ಬ್ರಿಟನ್ ಮಾತ್ರ ದಶಕಗಳಿಂದ ಬುಲ್‌ಪಪ್ಪನ್ನೇ ಹಿಡಿದಿದೆ.

ಭಾರತ ಇನ್ಸಾಸ್ ಬದಲಿಗೆ ಆರಿಸಿಕೊಂಡಿದ್ದು ಎಕೆ-203. 6 ಲಕ್ಷಕ್ಕೂ ಹೆಚ್ಚು ಬಂದೂಕಿಗೆ 2021ರಲ್ಲಿ ಒಪ್ಪಂದವಾಗಿ, ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುತ್ತಿದೆ. ಇದೂ ಸಾದಾ ಬಗೆಯದೇ. ಬಟ್ ಮಡಚಬಹುದಾದ್ದರಿಂದ ಗಾಡಿಯಲ್ಲಿ ಒಯ್ಯಲು ತ್ರಾಸಿಲ್ಲ.

ಅಂದರೆ ನಮ್ಮ ಹುಡುಗರು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ಹೋಗಲಿ, ಬೇರೆಲ್ಲೇ ಹೋಗಲಿ, ಕೈಗೆ ಮೊದಲು ಬರೋದು ಸಾದಾ ಬಂದೂಕೇ. ಟವೋರ್ ಪ್ಯಾರಾ ಕಮಾಂಡೋ, ನೌಕಾಪಡೆಯ ಮಾರ್ಕೋಸ್‌ನಂಥ ಪಡೆಗಳಿಗೆ. ಅಲ್ಲಿಗೆ ಸೇರಲು ಮತ್ತೊಂದು ಆಯ್ಕೆ ಪರೀಕ್ಷೆ ಇದೆ, ಅದು ಭರ್ತಿ ಓಟಕ್ಕಿಂತ ಭಾಳ ಕಠಿಣ.