ಅಶ್ವಹೃದಯ

ಪ್ರಾಣಿಗಳನ್ನು ಪಳಗಿಸಿ, ಅವಕ್ಕೆ ಹೊರೆ ಹೊರುವುದನ್ನೂ ಗಾಡಿ ಎಳೆಯುವುದನ್ನೂ ಕಲಿಸಿದ ಮನುಷ್ಯನು ತಾನೇ ಅವುಗಳ ಗುರುವೆಂದು ಭಾವಿಸಿಕೊಂಡಿರುವುದು ಸಹಜವೇ ಸರಿ. ಆದರೆ ನಮ್ಮ ಪೂರ್ವಿಕರು ಈ ಸಂಬಂಧವನ್ನು ಒಂದೇ ಮುಖದಿಂದ ನೋಡಿದವರಲ್ಲ. ಭಾಗವತದ ಏಕಾದಶ ಸ್ಕಂಧದಲ್ಲಿ ಬರುವ ಅವಧೂತನು ಯದುರಾಜನ ಮುಂದೆ ತನ್ನ ೨೪ ಮಂದಿ ಗುರುಗಳನ್ನು ಎಣಿಸುವಾಗ, ಪಾರಿವಾಳ, ಹೆಬ್ಬಾವು, ಜೇನುಹುಳು, ಆನೆ, ಜಿಂಕೆ, ಮೀನು, ಜೇಡ ಇವೆಲ್ಲಕ್ಕೂ ಆ ಪಂಕ್ತಿಯಲ್ಲಿ ಸ್ಥಾನ ಕೊಟ್ಟಿದ್ದಾನೆ. ಕೆಲವು ಪ್ರಾಣಿಗಳಿಂದ ಆತನು ಕಲಿತದ್ದು ಹೀಗಿರಬೇಕೆಂಬುದನ್ನು. ಕೆಲವುಗಳಿಂದ ಕಲಿತದ್ದು ಹೀಗಿರಬಾರದೆಂಬುದನ್ನು. ಆ ಪಂಕ್ತಿಯಲ್ಲಿ ಕುದುರೆಯಿಲ್ಲ. ಇಂದಿನ ಪಟ್ಟಣವಾಸಿಗೆ ಇಪ್ಪತ್ತೈದನೆಯ ಗುರುವೊಂದನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ, ಕುದುರೆಯನ್ನೇ ಆರಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.

ಪಟ್ಟಣವಾಸಿಯ ದೊಡ್ಡ ರೋಗವಾವುದೆಂದು ಕೇಳಿದರೆ, ಕೆಲಸದ ಹೊರೆಯೆಂದೋ ಸಂಸಾರದ ತಾಪತ್ರಯವೆಂದೋ ಉತ್ತರ ಬಂದೀತು. ನಮಗೆ ತೋರುವ ಮಟ್ಟಿಗೆ, ಇರುವಲ್ಲಿ ಇಲ್ಲದಿರುವುದೇ ಆ ರೋಗ. ಕಚೇರಿಯಲ್ಲಿ ಕುಳಿತಾಗ ಮನೆಯ ಚಿಂತೆ. ಮನೆಯಲ್ಲಿ ಉಣ್ಣುವಾಗ ಕಚೇರಿಯ ಕಡತ. ಎದುರಿಗೆ ಅರ್ಜಿದಾರನು ನಿಂತು ಮಾತನಾಡುತ್ತಿರುವಾಗ ಕೈಯಲ್ಲಿನ ದೂರವಾಣಿಯ ಮೇಲೆ ದೃಷ್ಟಿ. ಹೀಗೆ ಹಂಚಿಹೋದ ಮನಸ್ಸು ಬೇಗ ದಣಿಯುತ್ತದೆ, ದಣಿದದ್ದು ಬೇಗ ಸಿಡಿಯುತ್ತದೆ. ಕನ್ನಡದಲ್ಲಿ ‘ಸಾವಧಾನ’ ಎಂಬ ಒಂದೇ ಶಬ್ದಕ್ಕೆ ಎಚ್ಚರದಿಂದಿರುವುದು, ಅವಸರಪಡದಿರುವುದು ಎಂಬ ಎರಡು ಅರ್ಥಗಳೂ ರೂಢಿಯಲ್ಲಿವೆ. ಗಮನವಿದ್ದಲ್ಲಿ ಶಾಂತಿ, ಶಾಂತಿಯಿದ್ದಲ್ಲಿ ಗಮನ ಎಂಬುದನ್ನು ಭಾಷೆಯೇ ಕಂಡುಕೊಂಡಿದೆ. ಈ ಸಾವಧಾನವನ್ನು ಕಲಿಸುವುದರಲ್ಲಿ ಕುದುರೆಗೆ ಸಮಾನವಾದ ಉಪಾಧ್ಯಾಯನು ಅಪರೂಪ. ಏಕೆಂದರೆ ಅದು ನಮ್ಮ ಮಾತನ್ನು ಕೇಳುವುದಕ್ಕೆ ಮೊದಲೇ ನಮ್ಮ ಮನಸ್ಥಿತಿಯನ್ನು ಓದಿಬಿಡುತ್ತದೆ.

ನಳೋಪಾಖ್ಯಾನವನ್ನು ಓದಿದವರಿಗೆ ‘ಅಶ್ವಹೃದಯ’ವೆಂಬ ವಿದ್ಯೆಯ ಹೆಸರು ನೆನಪಿರಬಹುದು. ರಾಜ್ಯಭ್ರಷ್ಟನಾಗಿ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದ ನಳನು, ವಿದರ್ಭದ ಪ್ರಯಾಣಕ್ಕೆ ನೋಡಲು ಬಡಕಲಾಗಿದ್ದ ಕುದುರೆಗಳನ್ನು ಆರಿಸಿದಾಗ ರಾಜನು ಆಕ್ಷೇಪಿಸಿದನು. ಆ ಕುದುರೆಗಳೇ ಒಂದು ಹಗಲಿನಲ್ಲಿ ರಥವನ್ನು ವಿದರ್ಭಕ್ಕೆ ಮುಟ್ಟಿಸಿದುವು. ದಾರಿಯಲ್ಲಿ ಋತುಪರ್ಣನು ತನ್ನ ಅಕ್ಷಹೃದಯವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಅಶ್ವಹೃದಯವನ್ನು ಬೇಡಿದನು. ಕುದುರೆಯ ಹೃದಯವನ್ನು ಬಲ್ಲವನೇ ಸಾರಥಿಯೆಂಬುದು ಕಥೆಯ ಅಭಿಪ್ರಾಯ. ಕುದುರೆಯೂ ಸಾರಥಿಯ ಹೃದಯವನ್ನು ಬಲ್ಲದು ಎಂಬ ಇನ್ನೊಂದು ಮುಖವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದ ಒಂದು ಕುದುರೆಯು ತೋರಿಸಿಕೊಟ್ಟಿತು.

ಆ ಕುದುರೆಯ ಹೆಸರು ಹಾನ್ಸ್. ಅದರ ಯಜಮಾನನಾದ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನು ಅದಕ್ಕೆ ಲೆಕ್ಕವನ್ನು ಕಲಿಸಿರುವೆನೆಂದು ನಂಬಿದ್ದನು. ಕೂಡಿಸುವ, ಕಳೆಯುವ ಲೆಕ್ಕಗಳನ್ನು ಕೇಳಿದರೆ ಹಾನ್ಸ್ ಗೊರಸಿನಿಂದ ನೆಲವನ್ನು ಅಷ್ಟು ಸಾರಿ ತಟ್ಟಿ ಉತ್ತರ ಹೇಳುತ್ತಿತ್ತು. ೧೯೦೪ರಲ್ಲಿ ಪಂಡಿತರ ಮಂಡಲಿಯೊಂದು ಪರೀಕ್ಷಿಸಿ ಇದರಲ್ಲಿ ಮೋಸವಿಲ್ಲವೆಂದು ತೀರ್ಪಿತ್ತಿತು. ಅನಂತರ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞನು ಬಹು ತಾಳ್ಮೆಯಿಂದ ಪ್ರಯೋಗಗಳನ್ನು ನಡೆಸಿ, ೧೯೦೭ರಲ್ಲಿ ನಿಜಸ್ಥಿತಿಯನ್ನು ಹೊರಗೆಡಹಿದನು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ; ಪ್ರಶ್ನೆಗಾರನು ಕಣ್ಣಿಗೆ ಕಾಣದಂತೆ ಮರೆಯಾದರೂ ಉತ್ತರ ತಪ್ಪುತ್ತಿತ್ತು. ತಟ್ಟುವಿಕೆಯು ಸರಿಯಾದ ಸಂಖ್ಯೆಯನ್ನು ಮುಟ್ಟಿದ ಕ್ಷಣದಲ್ಲಿ ಪ್ರಶ್ನೆಗಾರನ ತಲೆಯು ಅವನಿಗೇ ಅರಿವಿಲ್ಲದಂತೆ ಕೂದಲೆಳೆಯಷ್ಟು ಮೇಲಕ್ಕೆ ಚಲಿಸುತ್ತಿತ್ತು. ಕುದುರೆಯು ಅದನ್ನು ಕಂಡು ಕಾಲನ್ನು ನಿಲ್ಲಿಸುತ್ತಿತ್ತು. ಈ ವಿಷಯವನ್ನು ತಿಳಿದ ಮೇಲೂ ಆ ಚಲನೆಯನ್ನು ಅಡಗಿಸುವುದು ಫುಂಗ್‌ಸ್ಟನಿಗೇ ಕಷ್ಟವಾಯಿತು.

ಕುದುರೆಗೆ ಲೆಕ್ಕ ಬರುವುದಿಲ್ಲವೆಂದು ಅಂದು ಲೋಕವು ನಕ್ಕು ಸುಮ್ಮನಾಯಿತು. ನಗುವುದಕ್ಕೆ ಬದಲಾಗಿ ಬೆರಗಾಗಬೇಕಾಗಿತ್ತು. ಪಂಡಿತರ ಮಂಡಲಿಯ ಕಣ್ಣಿಗೆ ಬೀಳದ ಮನುಷ್ಯಚೇಷ್ಟೆಯನ್ನು ಒಂದು ಮೂಕ ಪ್ರಾಣಿಯು ಪ್ರತಿದಿನವೂ ನಿರಾಯಾಸವಾಗಿ ಓದುತ್ತಿದ್ದಿತಲ್ಲ!

ಇದರಲ್ಲಿ ಪವಾಡವೇನೂ ಇಲ್ಲ. ಕುದುರೆಯು ಹುಲ್ಲು ಮೇಯುವ, ಹಿಂಸ್ರ ಮೃಗಗಳಿಗೆ ಆಹಾರವಾಗಬಹುದಾದ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ, ಓಟವೇ ಅದಕ್ಕೆ ರಕ್ಷಣೆ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಬೆನ್ನ ಹಿಂದಿನ ಒಂದು ಕಿರಿದಾದ ಭಾಗವನ್ನೂ ಹಣೆಯ ಮುಂದಿನ ಸ್ವಲ್ಪ ಜಾಗವನ್ನೂ ಬಿಟ್ಟರೆ ಸುತ್ತಲಿನದೆಲ್ಲವೂ ಅದಕ್ಕೆ ಕಾಣುತ್ತದೆ. ಎರಡು ಕಿವಿಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಲ್ಲದು. ಮಂದೆಯಲ್ಲಿ ಒಂದು ಕುದುರೆಯು ತಲೆಯೆತ್ತಿ ಮೈ ಬಿಗಿದರೆ ಸಾಕು, ಉಳಿದವೆಲ್ಲವೂ ಮೇವನ್ನು ಬಿಟ್ಟು ಸಿದ್ಧವಾಗುತ್ತವೆ. ಪಕ್ಕದ ಮೈಯ ಬಿಗುವನ್ನು ಓದುವುದೇ ಅದಕ್ಕೆ ಜೀವರಕ್ಷಣೆ. ಮನುಷ್ಯನು ಪಕ್ಕದಲ್ಲಿ ನಿಂತಾಗ ಅವನ ಮೈಯನ್ನೂ ಹಾಗೆಯೇ ಓದುತ್ತದೆ.

ಈ ಓದು ಎಷ್ಟು ಆಳಕ್ಕೆ ಹೋಗುತ್ತದೆಂಬುದನ್ನು ತೋರಿಸಲು ಸ್ವೀಡನ್ ದೇಶದ ಒಂದು ಪ್ರಯೋಗವನ್ನು ಉದಾಹರಿಸಬಹುದು. ಅದು ಪ್ರಕಟವಾದುದು ೨೦೦೯ರಲ್ಲಿ. ಜನರು ಕುದುರೆಯನ್ನು ನಡೆಸಿಕೊಂಡೋ ಅದರ ಮೇಲೆ ಕುಳಿತೋ ಒಂದೇ ದಾರಿಯಲ್ಲಿ ನಾಲ್ಕು ಸಾರಿ ಸಾಗಬೇಕು. ನಾಲ್ಕನೆಯ ಸಾರಿಗೆ ಮುಂಚೆ, ‘ಈ ಸಲ ಕುದುರೆಯ ಪಕ್ಕದಲ್ಲಿ ಕೊಡೆಯೊಂದನ್ನು ಥಟ್ಟನೆ ಬಿಚ್ಚುವೆವು’ ಎಂದು ಮನುಷ್ಯನಿಗೆ ಮಾತ್ರ ತಿಳಿಸಲಾಯಿತು. ಕೊಡೆಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಮನುಷ್ಯನ ಎದೆಬಡಿತವು ಏರಿತು. ಏನನ್ನೂ ಅರಿಯದ ಕುದುರೆಯ ಎದೆಬಡಿತವೂ ಅದರೊಡನೆ ಏರಿತು. ೨೦೧೬ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು, ಸಿಟ್ಟಿನ ಮುಖದ ಭಾವಚಿತ್ರವನ್ನು ಕಂಡರೂ ಕುದುರೆಯ ಎದೆಬಡಿತವು ತೀವ್ರವಾಗುವುದೆಂದು ತೋರಿಸಿದರು. ಬಾರದ ವಿಪತ್ತಿಗೆ ನಾವು ಅಂಜಿದರೆ, ಆ ಅಂಜಿಕೆಯನ್ನು ಪಕ್ಕದಲ್ಲಿರುವ ಜೀವಕ್ಕೂ ಅಂಟಿಸುತ್ತೇವೆ ಎಂಬುದು ಇದರಿಂದ ಸಿದ್ಧವಾಗುವ ಮಾತು.

ಆದುದರಿಂದಲೇ ಕುದುರೆಯ ಮುಂದೆ ಶಾಂತಿಯ ವೇಷವು ನಡೆಯುವುದಿಲ್ಲ. ಮನುಷ್ಯರ ಮುಂದೆ ಮುಖದಲ್ಲಿ ಮಂದಹಾಸವನ್ನಿಟ್ಟುಕೊಂಡು ಒಳಗೆ ಕುದಿಯಬಹುದು. ಮೇಲಧಿಕಾರಿಯು ಅದನ್ನು ನಂಬಿಯೂ ಬಿಡಬಹುದು. ಕುದುರೆಯು ನಂಬುವುದಿಲ್ಲ. ಅದರ ಬಳಿಗೆ ಹೋಗುವ ಕ್ರಮವನ್ನು ಬಲ್ಲವರು ಹೇಳಿಕೊಡುವುದು ಹೀಗೆ: ಹಿಂದಿನಿಂದ ಹೋಗಬೇಡ, ಹೆಗಲಿನ ಪಕ್ಕದಿಂದ, ಮೆಲುದನಿಯಲ್ಲಿ ಮಾತನಾಡುತ್ತ ಹೋಗು, ಉಸಿರನ್ನು ಬಿಗಿಹಿಡಿಯಬೇಡ, ಒಂದು ಕ್ಷಣ ನಿಲ್ಲು. ಈ ನಾಲ್ಕು ಮಾತುಗಳಲ್ಲಿ ಸಭ್ಯತೆಯ ಪಾಠವೆಲ್ಲವೂ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಸಾಕ್ರಟೀಸನ ಶಿಷ್ಯನೂ ಸೇನಾನಿಯೂ ಆಗಿದ್ದ ಗ್ರೀಸ್ ದೇಶದ ಕ್ಸೆನೊಫನ್, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವವಿದ್ಯೆಯನ್ನು ಕುರಿತು ಗ್ರಂಥವನ್ನು ಬರೆದನು. ಕೋಪದಲ್ಲಿರುವಾಗ ಕುದುರೆಯೊಡನೆ ವ್ಯವಹರಿಸಕೂಡದೆಂಬುದು ಅವನ ಮುಖ್ಯವಾದ ಕಟ್ಟಳೆ. ಯಾವುದಾದರೊಂದು ವಸ್ತುವಿಗೆ ಬೆದರಿದ ಕುದುರೆಯನ್ನು ಹೊಡೆದು ಅತ್ತ ನೂಕಿದರೆ, ನೋವಿಗೆ ಆ ವಸ್ತುವೇ ಕಾರಣವೆಂದು ಎಣಿಸಿ ಅದು ಇಮ್ಮಡಿ ಬೆದರುತ್ತದೆ. ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಮೆಲ್ಲಗೆ ಹತ್ತಿರಕ್ಕೆ ಕರೆತರಬೇಕು ಎಂದು ಅವನು ವಿಧಿಸುತ್ತಾನೆ. ಲೆಕ್ಕ ಬಾರದ ಬಾಲಕನಿಗೆ ಲೆಕ್ಕದ ಪುಸ್ತಕದ ಮುಂದೆಯೇ ಏಟು ಕೊಡುವ ತಂದೆಗಳು ಈ ಮಾತನ್ನು ಮನನಮಾಡತಕ್ಕದ್ದು.

ಇನ್ನೊಂದು ಸೂಕ್ಷ್ಮವುಂಟು. ಹಿಮ್ಮಡಿಯಿಂದ ಒತ್ತಿ ಕುದುರೆಗೆ ನಡೆಯೆಂದು ಸೂಚಿಸಿದಾಗ, ಅದು ಹೆಜ್ಜೆಯಿಟ್ಟ ಕ್ಷಣದಲ್ಲೇ ಒತ್ತಡವನ್ನು ಬಿಡಬೇಕು. ಕುದುರೆಯು ಕಲಿಯುವುದು ಒತ್ತಿದಾಗಲ್ಲ, ಬಿಟ್ಟಾಗ. ಬಿಡುವುದರಲ್ಲಿ ತಡವಾದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯದು. ಕ್ರಮೇಣ ಅದು ಜಡವಾಗುತ್ತದೆ. ಕೈಕೆಳಗಿನವನಿಂದ ಕೆಲಸವನ್ನು ಪಡೆದಮೇಲೂ ಒತ್ತಡವನ್ನು ಸಡಿಲಿಸದ ಅಧಿಕಾರಿಯು, ಗುಮಾಸ್ತೆಯ ಜಡತನವನ್ನು ದೂರುವ ಮೊದಲು ಈ ನಿಯಮವನ್ನು ನೆನೆಯಲಿ. ಸಕಾಲದಲ್ಲಿ ಬಿಡಬೇಕಾದರೆ ಸಕಾಲದಲ್ಲಿ ಕಾಣಬೇಕು. ಕಾಣಬೇಕಾದರೆ ಮನಸ್ಸು ಅಲ್ಲಿಯೇ ಇರಬೇಕು.

ಬಲಕ್ಕಿಂತ ಗಮನವೇ ಮೇಲೆಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಯ ಚರಿತ್ರೆಯೇ ಸಾಕ್ಷಿ. ೧೯೪೪ರಲ್ಲಿ ಪೋಲಿಯೊ ತಗುಲಿ ಆಕೆಯ ಮೊಣಕಾಲಿನಿಂದ ಕೆಳಗಿನ ಭಾಗವು ಸ್ವಾಧೀನ ತಪ್ಪಿತು. ಕುದುರೆಯನ್ನು ಹತ್ತುವುದಕ್ಕೂ ಇಳಿಯುವುದಕ್ಕೂ ಬೇರೆಯವರ ಕೈ ಬೇಕಾಗಿತ್ತು. ಆದರೂ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ, ಕುದುರೆಯ ನಡಿಗೆಯ ನಯವನ್ನು ಪರೀಕ್ಷಿಸುವ ಸ್ಪರ್ಧೆಯಲ್ಲಿ, ಪುರುಷರೊಡನೆ ಸೆಣಸಿ ಆಕೆ ಬೆಳ್ಳಿಯ ಪದಕವನ್ನು ಪಡೆದಳು. ಒತ್ತಲು ಕಾಲಿಲ್ಲದವಳ ಇಂಗಿತವನ್ನು ಬೆನ್ನಿನ ಮತ್ತು ಮೈಭಾರದ ಅತಿ ಸಣ್ಣ ಬದಲಾವಣೆಯಿಂದಲೇ ಅವಳ ಕುದುರೆ ‘ಜೂಬಿಲಿ’ ಗ್ರಹಿಸುತ್ತಿತ್ತು. ಅಂಗವಿಕಲರಿಗೂ ಮನೋವ್ಯಥೆಯಿಂದ ಬಳಲುವವರಿಗೂ ಕುದುರೆಯ ಸಹವಾಸದಿಂದ ಉಪಶಮನವನ್ನು ಕೊಡಿಸುವ ಪದ್ಧತಿಯು ಪಶ್ಚಿಮ ದೇಶಗಳಲ್ಲಿ ಹಬ್ಬುವುದಕ್ಕೆ ಈಕೆಯ ನಿದರ್ಶನವೂ ಒಂದು ಪ್ರೇರಣೆಯಾಯಿತು.

ಶಾಂತಿಯು ಹುಟ್ಟಿನಿಂದ ಬಂದ ಭಾಗ್ಯ, ಅದು ಕೆಲವರಿಗೇ ಮೀಸಲು ಎಂದು ಕೈಚೆಲ್ಲುವವರು ಮೈಸೂರಿನ ದಸರೆಯ ಸಿದ್ಧತೆಯನ್ನು ಹೋಗಿ ನೋಡಬೇಕು. ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ಉತ್ಸವಕ್ಕೆ ಮುಂಚೆ ಫಿರಂಗಿಯ ಸದ್ದನ್ನು ಕೇಳಿಸಿ ರೂಢಿಮಾಡಿಸುತ್ತಾರೆ. ಸುಮಾರು ೭೫೦ ಕಿಲೋ ತೂಕದ ಅಂಬಾರಿಯನ್ನು ಹೊರಬೇಕಾದ ಆನೆಗೆ ಮೊದಲು ಮರಳಿನ ಮೂಟೆಗಳನ್ನು ಹೊರಿಸಿ ಭಾರವನ್ನು ಹಂತಹಂತವಾಗಿ ಏರಿಸುತ್ತಾರೆ. ಹೊಸ ಪ್ರಾಣಿಯು ಮೊದಲ ಸದ್ದಿಗೆ ಬೆಚ್ಚುವುದುಂಟು. ಹಲವು ದಸರೆಗಳನ್ನು ಕಂಡ ಹಿರಿಯ ಆನೆಯು ಕದಲದೆ ನಿಲ್ಲುತ್ತದೆ. ಮಾವುತನೂ ಕಾವಾಡಿಯೂ ಪಕ್ಕದಲ್ಲೇ ಇರುತ್ತಾರೆ. ಜಂಬೂಸವಾರಿಯ ದಿನ ೨೧ ಕುಶಾಲತೋಪುಗಳು ಹಾರುವಾಗ, ಜನಸ್ತೋಮದ ನಡುವೆ ಆ ಆನೆಯು ಇಡುವ ನಿಧಾನವಾದ ಹೆಜ್ಜೆಯನ್ನು ನಾವು ಗಾಂಭೀರ್ಯವೆಂದು ಕೊಂಡಾಡುತ್ತೇವೆ. ಆ ಗಾಂಭೀರ್ಯವು ವಾರಗಳ ಅಭ್ಯಾಸದ ಫಲ. ನಂಬತಕ್ಕವರು ಪಕ್ಕದಲ್ಲಿದ್ದುದರ ಫಲ.

ಇಲ್ಲಿ ವಾಚಕರು ಎರಡು ಆಕ್ಷೇಪಗಳನ್ನು ತರಬಹುದು. ಕುದುರೆಗೆ ಸಾಲವಿಲ್ಲ, ಮಗಳ ಮದುವೆಯಿಲ್ಲ, ವರ್ಗಾವಣೆಯ ಭಯವಿಲ್ಲ. ಅದರ ಶಾಂತಿಯಲ್ಲೇನು ಹೆಚ್ಚಳ ಎಂಬುದು ಮೊದಲನೆಯದು. ಭಯದಲ್ಲಿ ಕುದುರೆಯು ನಮಗಿಂತ ಹಿಂದುಳಿದುದಲ್ಲ. ಒಣ ಎಲೆಯ ಸದ್ದಿಗೂ ಬೆದರುವ ಪ್ರಾಣಿ ಅದು. ವ್ಯತ್ಯಾಸವಿರುವುದು ಭಯವು ಕಳೆದ ಮೇಲೆ. ಅಪಾಯವು ಸರಿದರೆ ಅದು ಮೈಕೊಡವಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ. ಅಮೆರಿಕದ ಜೀವಶಾಸ್ತ್ರಜ್ಞ ರಾಬರ್ಟ್ ಸಪೋಲ್ಸ್ಕಿ ೧೯೯೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುದುರೆಯ ದಾಯಾದಿಯಾದ ಜೀಬ್ರಾವನ್ನು ಮುಂದಿಟ್ಟುಕೊಂಡು ಇದೇ ತತ್ತ್ವವನ್ನು ವಿವರಿಸಿದ್ದಾನೆ: ಸಿಂಹದಿಂದ ತಪ್ಪಿಸಿಕೊಳ್ಳುವ ಕೆಲವು ನಿಮಿಷಗಳಿಗಾಗಿ ದೇಹದಲ್ಲಿ ಏರ್ಪಟ್ಟಿರುವ ಉದ್ವೇಗವನ್ನು ಮನುಷ್ಯನು ಸಾಲ, ಮಾನ, ಬಡ್ತಿಗಳ ಚಿಂತೆಯಿಂದ ತಿಂಗಳುಗಟ್ಟಲೆ ಉರಿಸಿ ದೇಹವನ್ನು ಕೆಡಿಸಿಕೊಳ್ಳುತ್ತಾನೆ. ಹಸುವು ಮೆಲುಕು ಹಾಕುವುದು ಹುಲ್ಲನ್ನು. ನಾವು ಮೆಲುಕು ಹಾಕುವುದು ನಿನ್ನೆಯ ಅವಮಾನವನ್ನು. ನಾಳೆಯನ್ನು ಯೋಚಿಸಬಾರದೆಂದು ನಾವು ಹೇಳುವುದಿಲ್ಲ. ಯೋಚನೆಗೆ ಒಂದು ಹೊತ್ತಿರಲಿ, ಮಿಕ್ಕ ಹೊತ್ತು ಎದುರಿಗಿರುವ ಕೆಲಸಕ್ಕಿರಲಿ ಎನ್ನುತ್ತೇವೆ.

ಎರಡನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಹೊಡೆತ ತಿಂದು ಸೋತ ಜಟಕಾ ಕುದುರೆಯೂ ಸುಮ್ಮನೆ ನಿಂತಿರುತ್ತದೆ, ಅದೂ ಶಾಂತಿಯೇ? ಖಂಡಿತವಾಗಿ ಅಲ್ಲ. ಅಮೆರಿಕದಲ್ಲಿ ಸೆಲಿಗ್‌ಮನ್, ಮೇಯರ್ ಎಂಬ ವಿದ್ವಾಂಸರು ೧೯೬೭ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಬಹುಪಾಲು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಅಲುಗದೆ ಬಿದ್ದಿದ್ದುವು. ಅದು ಹತಾಶೆಯ ಮೌನ. ಶಾಂತವಾದ ಕುದುರೆಯ ಕಿವಿ ಆಡುತ್ತಿರುತ್ತದೆ, ಕಣ್ಣು ಹೊಸದನ್ನು ಹುಡುಕುತ್ತದೆ, ಕರೆದರೆ ತಲೆ ತಿರುಗುತ್ತದೆ. ಸೋತ ಕುದುರೆಯಲ್ಲಿ ಇವಾವುವೂ ಇಲ್ಲ. ಅಧಿಕಾರಿಯು ಬಂದೊಡನೆ ಸ್ತಬ್ಧವಾಗುವ ಕಚೇರಿಯನ್ನೂ, ತಂದೆಯ ಚಪ್ಪಲಿಯ ಸದ್ದಿಗೆ ಮೂಕವಾಗುವ ಮನೆಯನ್ನೂ ಶಿಸ್ತಿನ ನೆಲೆಯೆಂದು ಹೊಗಳುವವರು ಈ ಎರಡು ಮೌನಗಳ ಭೇದವನ್ನು ತಿಳಿಯಲೇಬೇಕು. ತನ್ನ ಶಾಂತಿಯಿಂದ ಇತರರನ್ನು ಶಾಂತಗೊಳಿಸುವವನು ಒಡೆಯ. ತನ್ನ ಕೋಪದಿಂದ ಇತರರನ್ನು ಮೂಕಗೊಳಿಸುವವನು ಕಾವಲಿಲ್ಲದ ಬೆಂಕಿ.

ಲಾಯವಿಲ್ಲದ ಪಟ್ಟಣವಾಸಿಯು ಈ ಪಾಠವನ್ನು ಎಲ್ಲಿ ಕಲಿಯಬೇಕು? ಮನೆಯ ಹಸುವೋ, ಬೀದಿಯ ನಾಯಿಯೋ, ಜಗಲಿಯ ಬೆಕ್ಕೋ ಸಾಕು. ಅವುಗಳ ಬಳಿ ಕಾಲು ಗಂಟೆ ಬೇರೆ ಕೆಲಸವಿಲ್ಲದೆ ಕುಳಿತು, ಯಾವಾಗ ಹತ್ತಿರ ಬರುತ್ತವೆ, ಯಾವಾಗ ದೂರ ಸರಿಯುತ್ತವೆಂದು ನೋಡಲಿ. ತನ್ನ ಅಂತರಂಗದ ವರದಿಯು ಅಲ್ಲಿ ದೊರೆಯುತ್ತದೆ. ಬಳಿಕ ಕಚೇರಿಯ ಹೊಸ್ತಿಲಲ್ಲಿ, ಮನೆಯ ಬಾಗಿಲಲ್ಲಿ, ಒಳಗಿನ ಜನರೂ ನಮ್ಮ ಎದೆಬಡಿತವನ್ನು ಓದಬಲ್ಲರೆಂದು ಎಣಿಸಿ, ಒಂದು ಉಸಿರು ನಿಂತು ಒಳಗಡಿಯಿಡಲಿ.

ಗುರುವಿನಿಂದ ವಿದ್ಯೆಯನ್ನು ಪಡೆದವನು ದಕ್ಷಿಣೆಯನ್ನು ಕೊಡಬೇಕು. ಪ್ರಾಣಿಗಳನ್ನು ಹೊಡೆಯುವುದು, ಮಿತಿಮೀರಿ ಹೊರೆ ಹೊರಿಸುವುದು, ರೋಗಗ್ರಸ್ತವಾದುದನ್ನು ದುಡಿಸುವುದು ಅಪರಾಧವೆಂದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ವಿಧಿಸಿದೆ. ಕಾಯಿದೆಯಿದ್ದರೂ, ಬಿಸಿಲಿನಲ್ಲಿ ಏದುಸಿರು ಬಿಡುವ ಎತ್ತಿಗೂ, ಹುಣ್ಣಾದ ಬೆನ್ನಿನ ಕುದುರೆಗೂ ನೀರು, ನೆರಳು, ವೈದ್ಯ ಈ ಮೂರು ಒದಗುವುದು ಅದನ್ನು ನೋಡಿದವರ ಕಣ್ಣಿನಿಂದ ಮಾತ್ರ. ದಾರಿಯಲ್ಲಿ ಹೋಗುವಾಗ ಮನಸ್ಸು ಬೇರೆಲ್ಲೋ ಇರುವವನಿಗೆ ಆ ಹುಣ್ಣು ಕಾಣಿಸುವುದೇ ಇಲ್ಲ. ಮೂಕಜೀವಿಗಳು ಕಲಿಸುವ ಸಾವಧಾನದ ಮೊದಲ ಪ್ರಯೋಜನವು ಅವುಗಳಿಗೇ ಸಲ್ಲಲಿ; ಎರಡನೆಯದು ನಮ್ಮ ಕೈಕೆಳಗಿನವರಿಗೂ ಮನೆಯವರಿಗೂ ಸಲ್ಲಲಿ. ಉಳಿದುದು ತಾನಾಗಿಯೇ ನಮ್ಮ ಪಾಲಿಗೆ ಬರುತ್ತದೆ.