ಎಲ್ಲಿಗೂ ಹೋಗದ ಕ್ಯಾಪ್ಟನ್



ಸಾಹಿತ್ಯ ಬಳಗದ ಪತ್ರದಲ್ಲಿ ಟೀವಿ ಧಾರಾವಾಹಿಯ ಮಾತೇ ಎಂದು ಹುಬ್ಬೇರಿಸಬೇಡಿ. ಅದೂ ಬಾಹ್ಯಾಕಾಶದ್ದು, ವಿಚಿತ್ರ ಮೂಗು-ಕಿವಿಗಳವರು ಓಡಾಡುವಂಥದ್ದು! ಆದರೂ ದೇರಾದಲ್ಲಿ ಬದುಕುವ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿರುವ ಕಥೆಯೊಂದು ಅಲ್ಲಿದೆ. ಹೆಸರು 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್'. 1993ರ ಜನವರಿಯಿಂದ 1999ರ ಜೂನ್‌ವರೆಗೆ, 176 ಕಂತುಗಳಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು. ಸ್ಟಾರ್ ಟ್ರೆಕ್ ಮನೆತನದಲ್ಲಿ ಬಹುಕಾಲ ಯಾರೂ ಎತ್ತಿ ಆಡಿಸದ ಕೂಸು ಇದು.

ಸ್ಟಾರ್ ಟ್ರೆಕ್ ಎಂದೊಡನೆ ನಮ್ಮಲ್ಲಿ ಹಿರಿಯರಿಗೆ 1980ರ ದಶಕದ ಭಾನುವಾರದ ಬೆಳಿಗ್ಗೆ ನೆನಪಾಗುತ್ತದೆ. ದೂರದರ್ಶನದಲ್ಲಿ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್, ವಾರಕ್ಕೊಂದು ಹೊಸ ಗ್ರಹ. ಆಮೇಲೆ 1998ರಲ್ಲಿ ದೂರದರ್ಶನಕ್ಕೆ ನಮ್ಮದೇ 'ಕ್ಯಾಪ್ಟನ್ ವ್ಯೋಮ್' ಬಂದ. ಇವರೆಲ್ಲ ಹಡಗು ಏರಿ ಹೊರಟುಹೋಗುವ ನಾಯಕರು. ಒಂದು ಕಡೆ ಏನೋ ಎಡವಟ್ಟಾದರೆ ಸರಿಪಡಿಸಿ, ಕೈ ಬೀಸಿ, ಮುಂದಿನ ಲೋಕಕ್ಕೆ ಹಾರಿಬಿಡುತ್ತಾರೆ. ಹಿಂದೆ ಉಳಿದವರ ಗತಿ ಏನಾಯಿತು? ಅದನ್ನು ಯಾರೂ ಕೇಳುವುದಿಲ್ಲ.

ಡೀಪ್ ಸ್ಪೇಸ್ ನೈನ್ ಕೇಳಿದ್ದು ಆ ಪ್ರಶ್ನೆಯನ್ನೇ.

ಕಥೆ ನಡೆಯುವುದು ಬೇಜೋರ್ ಎಂಬ ಗ್ರಹದ ಪಕ್ಕದ ಹಳೆಯ ಅಂತರಿಕ್ಷ ನಿಲ್ದಾಣದಲ್ಲಿ. ಕಾರ್ಡಾಸಿಯನ್ನರು ಸುಮಾರು ಐವತ್ತು ವರ್ಷ ಬೇಜೋರನ್ನು ಆಳಿ, ದೋಚಿ, ಬಿಟ್ಟುಹೋಗಿದ್ದಾರೆ. ನಿಲ್ದಾಣವೂ ಅವರದೇ. ಅಷ್ಟರಲ್ಲಿ ಹತ್ತಿರದಲ್ಲೇ ದೂರದ ನಕ್ಷತ್ರಲೋಕಕ್ಕೆ ಅಡ್ಡದಾರಿಯೊಂದು ಪತ್ತೆಯಾಗುತ್ತದೆ. ಯಾರಿಗೂ ಬೇಡವಾಗಿದ್ದ ಮೂಲೆ ದೊಡ್ಡ ರೇವಾಗಿಬಿಡುತ್ತದೆ! ಹತ್ತು ಲೋಕದ ವ್ಯಾಪಾರಿಗಳು, ಯಾತ್ರಿಕರು, ಕಳ್ಳಸಾಗಣೆಯವರು, ದಿಕ್ಕೆಟ್ಟವರು ಎಲ್ಲರೂ ಅಲ್ಲಿಗೆ ಬಂದು ಸೇರುತ್ತಾರೆ. ಉದ್ದನೆಯ ಒಂದು ಅಂಗಡಿ ಬೀದಿ, ಒಂದು ಗುಡಿ, ಒಂದು ದರ್ಜಿ ಅಂಗಡಿ, ಒಂದು ಬಾರು. ಕ್ರೀಕ್‌ನ ದಡದಲ್ಲಿ ಸಾಲಾಗಿ ನಿಂತ ಧೋಗಳನ್ನೂ, ಮಸಾಲೆ ಸೂಕ್‌ನಲ್ಲಿ ಇರಾನಿಯೂ ಮಲಯಾಳಿಯೂ ಪಠಾಣನೂ ನಮ್ಮ ಭಟ್ಕಳದವರೂ ಅರೆಬರೆ ಹಿಂದಿಯಲ್ಲಿ ಚೌಕಾಸಿ ಮಾಡುವುದನ್ನೂ ಕಂಡವರಿಗೆ ಆ ಬೀದಿಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇದರ ನಾಯಕ ಬೆಂಜಮಿನ್ ಸಿಸ್ಕೋ. ಈ ಮಾಲಿಕೆಗಳಲ್ಲಿ ಮುಖ್ಯ ನಾಯಕನಾದ ಮೊದಲ ಕಪ್ಪು ವರ್ಣೀಯ. ಪಾತ್ರ ಮಾಡಿದ ಏವರಿ ಬ್ರೂಕ್ಸ್ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿಯ ಪ್ರಾಧ್ಯಾಪಕರಾಗಿದ್ದವರು. ಸಿಸ್ಕೋ ಹೆಂಡತಿಯನ್ನು ಯುದ್ಧದಲ್ಲಿ ಕಳೆದುಕೊಂಡವನು, ಮಗ ಜೇಕ್‌ನನ್ನು ಒಬ್ಬನೇ ಬೆಳೆಸುತ್ತಿರುವವನು. ಈ ಕೆಲಸಕ್ಕೆ ಬರುವ ಮನಸ್ಸೂ ಅವನಿಗಿರಲಿಲ್ಲ. ಬಂದ ಹೊಸತರಲ್ಲಿ ರಾಜೀನಾಮೆಯ ಯೋಚನೆಯಲ್ಲೇ ಇದ್ದ. ಅಷ್ಟೇ ಅಲ್ಲ, ಮೊದಲ ಮೂರು ಸರಣಿಗಳಲ್ಲಿ ಆತ ಕ್ಯಾಪ್ಟನ್ನೇ ಅಲ್ಲ, ಬರೀ ಕಮಾಂಡರ್. ಬಡ್ತಿ ಸಿಕ್ಕಿದ್ದು 1995ರಲ್ಲಿ, ಮೂರನೆಯ ಸರಣಿಯ ಕೊನೆಯ ಕಂತಿನಲ್ಲಿ. ಬಡ್ತಿಗೆ ಕಾಯುವ ನೋವು ಬಾಹ್ಯಾಕಾಶದಲ್ಲೂ ತಪ್ಪಿದ್ದಲ್ಲ ನೋಡಿ!

ಅವನ ಹಿರಿಮೆ ಕಾಣುವುದು ಸಣ್ಣ ಸಂಗತಿಗಳಲ್ಲಿ. ನಿಲ್ದಾಣದ ಬಾರಿನ ಒಡೆಯ ಕ್ವಾರ್ಕ್ ಫೆರೆಂಗಿ ಕುಲದವನು. 285 ಲಾಭಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡಿರುವ ವ್ಯಾಪಾರಿ ಜನ ಅವರು. ಕ್ವಾರ್ಕ್‌ನ ತಮ್ಮನ ಮಗ ನಾಗ್, ಪೋಲಿ ಹುಡುಗ. 1995ರ ಒಂದು ಕಂತಿನಲ್ಲಿ ಅವನು ಸಿಸ್ಕೋನ ಎದುರು ನಿಂತು, ಸ್ಟಾರ್‌ಫ್ಲೀಟ್ ಅಕಾಡೆಮಿಗೆ ಸೇರಲು ಶಿಫಾರಸು ಪತ್ರ ಕೊಡಿ ಎನ್ನುತ್ತಾನೆ. ಸಿಸ್ಕೋ ನಂಬುವುದಿಲ್ಲ, ಗದರಿಸಿ ಕಾರಣ ಕೇಳುತ್ತಾನೆ. ಆಗ ಹುಡುಗನ ಬಾಯಿಂದ ನಿಜ ಹೊರಬರುತ್ತದೆ: ಅಪ್ಪನಿಗೆ ಒಳ್ಳೆಯ ಎಂಜಿನಿಯರ್ ಆಗುವ ಬುದ್ಧಿಯಿತ್ತು, ಆದರೆ ದೊಡ್ಡಪ್ಪನ ಬಾರಿನಲ್ಲಿ ಗ್ಲಾಸು ಎತ್ತುವುದರಲ್ಲೇ ಬದುಕು ಸವೆಯಿತು, ನಾನು ಹಾಗಾಗಲಾರೆ. ಸಿಸ್ಕೋ ಪತ್ರ ಕೊಡಲು ಒಪ್ಪುತ್ತಾನೆ. ಒಂದು ರುಜುವಿನಿಂದ ಬದುಕು ಈ ಕಡೆಯೋ ಆ ಕಡೆಯೋ ಆಗುವುದನ್ನು ಕೊಲ್ಲಿ ನಾಡಿನಲ್ಲಿರುವ ನಾವು ಬಲ್ಲೆವು. ಪದವಿ ಇದ್ದೂ ಗೋದಾಮಿನಲ್ಲಿ ಲೆಕ್ಕ ಬರೆಯುತ್ತ ಮಕ್ಕಳನ್ನು ಓದಿಸಿದವರು ನಮ್ಮ ನಡುವೆಯೇ ಇಲ್ಲವೇ?

ಅದೇ ವರ್ಷದ ಇನ್ನೊಂದು ಕಂತಿನಲ್ಲಿ ಸಿಸ್ಕೋ ಬೇಜೋರಿನ ಪುರಾತನ ನಕ್ಷೆ ನೋಡಿ, ಬೆಳಕಿನ ಒತ್ತಡದಿಂದ ಚಲಿಸುವ ಹಾಯಿನೌಕೆಯೊಂದನ್ನು ಕೈಯಾರೆ ಕಟ್ಟುತ್ತಾನೆ. ಬೇಜೋರಿನ ಪೂರ್ವಿಕರು ಅಂಥ ನೌಕೆಯಲ್ಲೇ ಕಾರ್ಡಾಸಿಯಾ ಮುಟ್ಟಿದ್ದರು ಎಂಬುದನ್ನು ಯಾರೂ ನಂಬುತ್ತಿರಲಿಲ್ಲ. ಅಪ್ಪ-ಮಗ ಇಬ್ಬರೇ ಹೊರಟು ಅದು ಸಾಧ್ಯವೆಂದು ತೋರಿಸುತ್ತಾರೆ. ಮಂಗಳೂರಿನ ಮಂಜಿ, ಬೇಪೂರಿನ ಉರುಗಳ ಕಥೆ ಕೇಳಿ ಬೆಳೆದವರಿಗೆ ಈ ಕಂತು ಮನಸ್ಸಿಗಿಳಿಯುತ್ತದೆ.

ಇನ್ನು ಬರೆಯುವ ಹವ್ಯಾಸದವರು ತಪ್ಪದೆ ನೋಡಬೇಕಾದದ್ದು 1998ರ 'ಫಾರ್ ಬಿಯಾಂಡ್ ದ ಸ್ಟಾರ್ಸ್'. ನಿರ್ದೇಶನ ಬ್ರೂಕ್ಸ್ ಅವರದೇ. ಇದರಲ್ಲಿ ಸಿಸ್ಕೋ 1950ರ ದಶಕದ ನ್ಯೂಯಾರ್ಕಿನಲ್ಲಿ ಬೆನ್ನಿ ರಸೆಲ್ ಎಂಬ ಕಥೆಗಾರನಾಗಿ ತನ್ನನ್ನು ಕಾಣುತ್ತಾನೆ. ಪತ್ರಿಕೆಯಲ್ಲಿ ಲೇಖಕರ ಚಿತ್ರ ಹಾಕುವ ದಿನ ಕಪ್ಪು ಲೇಖಕ ಬರದಿರುವುದೇ ಒಳಿತು ಎನ್ನುತ್ತಾರೆ. ಬೆನ್ನಿ ಅಂತರಿಕ್ಷ ನಿಲ್ದಾಣವೊಂದರ ಕಪ್ಪು ಕ್ಯಾಪ್ಟನ್‌ನ ಕಥೆ ಬರೆದಾಗ ಮಾಲೀಕ ಇಡೀ ಸಂಚಿಕೆಯನ್ನೇ ನಾಶಮಾಡಿಸಿ, ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಬೆನ್ನಿ ಕುಸಿಯುತ್ತಾನೆ. ಆದರೆ ತಾನು ಕಲ್ಪಿಸಿದ ಲೋಕವನ್ನು ಬಿಟ್ಟುಕೊಡುವುದಿಲ್ಲ.

ಹಾಗೆಂದು ಸಿಸ್ಕೋ ಪುರುಷೋತ್ತಮನಲ್ಲ. ಅದೇ ವರ್ಷದ 'ಇನ್ ದ ಪೇಲ್ ಮೂನ್‌ಲೈಟ್' ಕಂತಿನಲ್ಲಿ, ಸೋಲುತ್ತಿರುವ ಯುದ್ಧಕ್ಕೆ ಮತ್ತೊಂದು ರಾಜ್ಯವನ್ನು ಎಳೆತರಲು ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಾನೆ. ಕೊಲೆಗಳೂ ನಡೆದುಹೋಗುತ್ತವೆ. ಎಲ್ಲವನ್ನೂ ದಿನಚರಿಯಲ್ಲಿ ಹೇಳಿಕೊಂಡು, ಕೊನೆಗೆ ದಾಖಲೆಯನ್ನೇ ಅಳಿಸಿಹಾಕುತ್ತಾನೆ. ಮಾಡಿದ್ದು ಸರಿಯೇ? ಧಾರಾವಾಹಿ ತೀರ್ಪು ಕೊಡುವುದಿಲ್ಲ, ನಮ್ಮ ಮಡಿಲಿಗೆ ಹಾಕಿ ಸುಮ್ಮನಾಗುತ್ತದೆ.

ಇಷ್ಟೆಲ್ಲ ಇದ್ದೂ ಅಲಕ್ಷ್ಯವೇಕೆ? ಹಡಗಿಲ್ಲದ ಸ್ಟಾರ್ ಟ್ರೆಕ್ ಎಂಥದು ಎಂದು ಅಭಿಮಾನಿಗಳೇ ಮೂಗು ಮುರಿದರು. ಮೇಲಾಗಿ ಕಥೆ ಕಂತಿನಿಂದ ಕಂತಿಗೆ ಬೆಳೆಯುತ್ತಿತ್ತು. ಅಮೆರಿಕದ ಸ್ಥಳೀಯ ಚಾನೆಲ್‌ಗಳಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಆ ಕಾಲದಲ್ಲಿ ಒಂದೆರಡು ವಾರ ತಪ್ಪಿದರೆ ಎಳೆಯೇ ಕೈಬಿಟ್ಟುಹೋಗುತ್ತಿತ್ತು. ಮುಂದೆ ಡಿವಿಡಿ ಬಂದು, ಅಂತರಜಾಲದಲ್ಲಿ ಸಾಲಾಗಿ ನೋಡುವ ಅನುಕೂಲವಾದ ಮೇಲೆ ಬೆಲೆ ತಿಳಿಯಿತು. ಆರಂಭದ ಕಂತುಗಳಲ್ಲಿ ಕೆಲವು ಜಾಳು, ಅದು ನಿಜ. ತಾಳ್ಮೆ ಕಡಿಮೆಯಿದ್ದವರು ಮೊದಲ ಸರಣಿಯ 'ಡ್ಯುಯೆಟ್' ನೋಡಿ ಮುಂದುವರಿಯಲಿ. ಕೋಣೆಯೊಂದರಲ್ಲಿ ಇಬ್ಬರ ಮಾತು, ಹೆಚ್ಚುಕಡಿಮೆ ನಾಟಕವೇ.

ನಮಗೆ ಎಲ್ಲಕ್ಕಿಂತ ಹತ್ತಿರವೆನಿಸಿದ್ದು ಒಂದು ಪುಟ್ಟ ಸಂಗತಿ. ಅಕಾಡೆಮಿಯ ಮೊದಲ ದಿನಗಳಲ್ಲಿ ರಾತ್ರಿಯೂಟಕ್ಕೆ ನ್ಯೂ ಆರ್ಲಿಯನ್ಸ್‌ನ ಅಪ್ಪನ ಮನೆಗೇ ಓಡಿಹೋಗುತ್ತಿದ್ದ ಈ ಸಿಸ್ಕೋ, 1999ರ ಕೊನೆಯ ಕಂತುಗಳ ಹೊತ್ತಿಗೆ ಬೇಜೋರಿನಲ್ಲಿ ಜಾಗ ಕೊಂಡು ಮನೆಯ ನಕ್ಷೆ ಹಾಕುತ್ತಾನೆ. ಬೇಡದ ಮನಸ್ಸಿನಿಂದ ಬಂದ ಜಾಗವೇ ಊರಾಗಿರುತ್ತದೆ. ಎರಡು ವರ್ಷಕ್ಕೆಂದು ಬಂದು ಇಪ್ಪತ್ತು ಕಳೆದ ನಾವು ಸೈಟು ಕೊಳ್ಳುವುದು ಮಾತ್ರ ಊರಿನಲ್ಲೇ. ಇಲ್ಲಿನ ಕಾನೂನು, ಕರಾರು, ವೀಸಾದ ಲೆಕ್ಕವೇ ಬೇರೆ. ಆದರೂ ಇರುವಷ್ಟು ದಿನ ಇರುವ ಜಾಗವನ್ನು ನಮ್ಮದೆಂದು ನೋಡಿಕೊಳ್ಳಲು, ಪಕ್ಕದವನ ಮಗನಿಗೊಂದು ಶಿಫಾರಸು ಪತ್ರ ಬರೆದುಕೊಡಲು ಪೌರತ್ವ ಬೇಕಿಲ್ಲ ಎಂಬುದನ್ನು ಈ ಕ್ಯಾಪ್ಟನ್ ಕಲಿಸುತ್ತಾನೆ.

ಆ ಮನೆ ಎದ್ದಿತೇ? ಅದನ್ನು ಹೇಳಿ ರಸಭಂಗ ಮಾಡುವುದಿಲ್ಲ. ನೋಡಿದವರು ಮುಂದಿನ ಕೂಟದಲ್ಲಿ ಸಿಕ್ಕಾಗ ಮಾತಾಡೋಣ.