ಟಿಪ್ಸ್: ದಡದ ಲೆಕ್ಕ, ಹಡಗಿನ ಲೆಕ್ಕ

ಮಯಾಮಿಯಿಂದ ಕ್ರೂಸ್ ಹೋಗಿಬಂದ ನಮ್ಮವರೆಲ್ಲ ಕೊನೆಯ ದಿನದ ಬಿಲ್ ನೋಡಿ ಬೆಚ್ಚಿದವರೇ. ದಿನಕ್ಕೆ ತಲೆಗೆ 16 ಡಾಲರ್ ಗ್ರಾಚುಯಿಟಿ ಎಂದುಕೊಂಡರೂ, ನಾಲ್ವರ ಸಂಸಾರಕ್ಕೆ ಏಳು ದಿನಕ್ಕೆ 448 ಡಾಲರ್! ಮಕ್ಕಳ ತಲೆಯೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ.

ದಡದ ರೆಸ್ಟೋರೆಂಟಿನಲ್ಲಿ ಶೇಕಡಾ 15ರಿಂದ 20 ಕೊಡುವುದು ನಮಗೆಲ್ಲ ರೂಢಿ. ಅಮೆರಿಕದ ಫೆಡರಲ್ ಕಾನೂನಿನಂತೆ ವೇಟರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ. (ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕು.) ಟಿಪ್ಸ್ ಸೇರಿಯೂ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕರೇ ತುಂಬಿಕೊಡಬೇಕು. ಹಡಗಿನವರಿಗೆ ಈ ಆಸರೆಯಿಲ್ಲ. ಇಲ್ಲಿಂದ ಹೊರಡುವ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾಗಳಲ್ಲಿ ನೋಂದಾಯಿತವಾದವು.

ದಿನದ ಗ್ರಾಚುಯಿಟಿ ಕ್ಯಾಬಿನ್ ನೋಡಿಕೊಳ್ಳುವವರಿಗೆ, ಬಡಿಸುವವರಿಗೆ, ಹಲವು ಕಂಪನಿಗಳಲ್ಲಿ ನಮ್ಮ ಕಣ್ಣಿಗೇ ಬೀಳದ ಲಾಂಡ್ರಿಯವರಿಗೂ ಹಂಚಿಕೆಯಾಗುತ್ತದೆ. ಅನೇಕ ಹಡಗುಗಳಲ್ಲಿ ಕೌಂಟರಿಗೆ ಹೋಗಿ ಕೇಳಿದರೆ ಅದನ್ನು ತೆಗೆದುಹಾಕುತ್ತಾರೆ. "ಟಿಕೆಟ್ಟಿಗೇ ಅಷ್ಟು ಕೊಟ್ಟಿದ್ದೇವಲ್ಲ" ಎಂದು ಮೊದಲ ಸಲ ನಾವೂ ತೆಗೆಸಿದೆವು. ಹೆಡ್ ವೇಟರಿಗೆ ಹೇಳಿ ದಿನವೂ ಈರುಳ್ಳಿ ಹಾಕದ ದಾಲ್ ಮಾಡಿಸಿಕೊಂಡು ಉಂಡವರು ನಾವೇ! ಬಡಿಸುತ್ತಿದ್ದ ಹುಡುಗ ನಮ್ಮ ಮಂಗಳೂರಿನ ಕಡೆಯವನು.

ಈಗ ಟಿಕೆಟ್ ಕೊಳ್ಳುವಾಗಲೇ ಆ ಹಣವನ್ನೂ ಕಟ್ಟಿಬಿಡುತ್ತೇವೆ. ಬಾರಿನ ಬಿಲ್ಲಿನಲ್ಲಿ ಮಾತ್ರ ಕಣ್ಣಿಡಿ. ಸಾಮಾನ್ಯವಾಗಿ ಶೇಕಡಾ 18 ಅಥವಾ ಹೆಚ್ಚು ಮೊದಲೇ ಸೇರಿರುತ್ತದೆ. ಕೆಳಗಿನ ಟಿಪ್ಸ್ ಗೆರೆಯನ್ನು ಖಾಲಿ ಬಿಟ್ಟರೆ ಯಾರೂ ಬೇಸರಿಸುವುದಿಲ್ಲ.